ಒಂದು ಗೋಡೌನ್, ಎರಡು ವೆಬ್‌ಸೈಟ್: ಪ್ರೆಸ್ಟಾಶಾಪ್ ಮಲ್ಟಿಸ್ಟೋರ್ ಹೇಗಿದೆ?

ಆನ್‌ಲೈನ್‌ನಲ್ಲಿ ಒಂದಕ್ಕಿಂತ ಜಾಸ್ತಿ ಅಂಗಡಿ ಇದ್ದರೆ ಪ್ರೆಸ್ಟಾಶಾಪ್‌ನ ಮಲ್ಟಿಸ್ಟೋರ್ ಒಮ್ಮೆ ನೋಡಿ. ಪ್ರೆಸ್ಟಾಶಾಪ್ ಅಂದರೆ ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್. ಅದರ ಮಲ್ಟಿಸ್ಟೋರ್‌ನಲ್ಲಿ ಒಂದೇ ಡೇಟಾಬೇಸ್ (ಸರಕು, ಗಿರಾಕಿ, ಆರ್ಡರ್ ಲೆಕ್ಕವೆಲ್ಲ ಇರುವ ಜಾಗ) ಇಟ್ಟುಕೊಂಡು ಹಲವು ಅಂಗಡಿ ನಡೆಸಬಹುದು. ಒಳ್ಳೆಯ ಸೌಲಭ್ಯ. ಆದರೆ ಇರುವ ಅಂಗಡಿಗಳನ್ನೆಲ್ಲ ತಂದು ಒಂದೇ ಡೇಟಾಬೇಸಿಗೆ ತುಂಬಬೇಡಿ ಮಾರಾಯ್ರೆ.

ನಮ್ಮದು ಮಂಗಳೂರು ರಥಬೀದಿ ಕಡೆಯ ವ್ಯಾಪಾರ. ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಗೋಡಂಬಿ. ವೆಬ್‌ಸೈಟ್ ಎರಡಿವೆ. ಒಂದು ಮನೆಗೆ ತರಿಸಿಕೊಳ್ಳುವವರಿಗೆ, ಇನ್ನೊಂದು ಮುಂಬೈ, ಬೆಂಗಳೂರಿನ ಅಂಗಡಿಯವರಿಗೆ ಹೋಲ್‌ಸೇಲ್. ಸರಕು ಮಾತ್ರ ಒಂದೇ ಗೋಡೌನಿನದ್ದು. ಹಲಸಿನ ಹಪ್ಪಳ ಅಂದರೆ ಬೇಸಿಗೆಯ ಬಿಸಿಲಲ್ಲಿ ಒಣಗಿಸಿ ಇಟ್ಟದ್ದಷ್ಟೇ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹೊಸದಾಗಿ ಮಾಡುವ ಹಾಗಿಲ್ಲ, ಆಟಿ ತಿಂಗಳಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಕೇಳುವವರು ಜಾಸ್ತಿ, ಉಳಿದ ಕಟ್ಟು ಕಮ್ಮಿ. ಎರಡು ಸೈಟಿಗೆ ಎರಡು ಡೇಟಾಬೇಸ್ ಇದ್ದರೆ ಕೊನೆಯ ಕಟ್ಟು ಎರಡೂ ಕಡೆ ಮಾರಾಟವಾಗಿಬಿಡುತ್ತದೆ. ಆಮೇಲೆ ಒಬ್ಬರಿಗೆ ದುಡ್ಡು ವಾಪಸ್ ಮಾಡಬೇಕು. ಆ ಗಿರಾಕಿ ಮತ್ತೆ ಬರುತ್ತಾರೆ ಎಂಬ ಭರವಸೆ ಇಲ್ಲ.

ಇದಕ್ಕೆ ಮಲ್ಟಿಸ್ಟೋರ್ ಸರಿಯಾದ ಉತ್ತರ. ಈ ಸೌಲಭ್ಯ 2012ರ 1.5 ಆವೃತ್ತಿಯಿಂದಲೇ ಇದೆ. ಸಾಫ್ಟ್‌ವೇರಿಗೆ ದುಡ್ಡಿಲ್ಲ, ಹೋಸ್ಟಿಂಗ್ ನಿಮ್ಮದು. ಅಂಗಡಿಗಳನ್ನು ಒಂದು ಗುಂಪಿಗೆ ಸೇರಿಸಿದರೆ ಮೂರು ಪ್ರಶ್ನೆ ಬರುತ್ತದೆ: ಗ್ರಾಹಕರನ್ನು ಹಂಚಿಕೊಳ್ಳಬೇಕಾ, ಸ್ಟಾಕ್ ಹಂಚಿಕೊಳ್ಳಬೇಕಾ, ಆರ್ಡರ್ ಹಂಚಿಕೊಳ್ಳಬೇಕಾ? ಆರ್ಡರ್ ಹಂಚಬೇಕೆಂದರೆ ಮೊದಲಿನ ಎರಡೂ ಆನ್ ಇರಬೇಕು. ಇಲ್ಲಿ ಅವಸರ ಬೇಡ. ಗ್ರಾಹಕರು ನೋಂದಣಿ ಮಾಡಿಕೊಂಡ ಮೇಲೆ ಗ್ರಾಹಕರ ಹಂಚಿಕೆಯನ್ನು ತೆಗೆಯಲು ಬರುವುದಿಲ್ಲ. ನಾವು ಸ್ಟಾಕ್ ಮಾತ್ರ ಹಂಚಿದೆವು. ಬೆಲೆಯನ್ನು ಅಂಗಡಿಗೊಂದರಂತೆ ಬೇರೆ ಇಡಬಹುದು, ಹೋಲ್‌ಸೇಲ್‌ನವರಿಗೆ ಇದೇ ಬೇಕಾದದ್ದು.

ಕಿರಿಕಿರಿಯೂ ಇದೆ. ಅಡ್ಮಿನ್‌ನಲ್ಲಿ (ನಾವು ಅಂಗಡಿ ನಿಭಾಯಿಸುವ ಪುಟ) ಮೇಲ್ಗಡೆ ಯಾವ ಅಂಗಡಿ ಆಯ್ಕೆಯಾಗಿದೆ ಎಂದು ಪ್ರತಿ ಸಲ ನೋಡಲೇಬೇಕು. ‘ಎಲ್ಲ ಅಂಗಡಿ’ ಎಂದಿದ್ದಾಗ ಬೆಲೆ ಬದಲಿಸಿದರೆ ಹೋಲ್‌ಸೇಲ್ ದರ ಮನೆ ಗಿರಾಕಿಗೂ ಹೋಗುತ್ತದೆ. ಕೆಲಸದ ಹುಡುಗರಿಗೆ ಅವರವರ ಅಂಗಡಿಗೆ ಮಾತ್ರ ಪ್ರವೇಶ ಕೊಡುವ ಸೌಕರ್ಯ ಇದೆ, ಅದನ್ನು ಮೊದಲ ದಿನವೇ ಬಳಸಿ. ಹೊರಗಿನವರು ಮಾಡಿದ ಮಾಡ್ಯೂಲ್‌ಗಳೆಲ್ಲ (ಸಾಫ್ಟ್‌ವೇರಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯಗಳು) ಮಲ್ಟಿಸ್ಟೋರ್‌ಗೆ ಹೊಂದುವುದಿಲ್ಲ. ಪೇಮೆಂಟಿನದ್ದನ್ನಂತೂ ಕೇಳದೆ ಕೊಳ್ಳಬೇಡಿ. ಇನ್ನು ಬ್ಯಾಕಪ್. ಒಂದು ಅಂಗಡಿಗೆ ತೊಂದರೆಯಾಗಿ ನಿನ್ನೆಯ ಬ್ಯಾಕಪ್ ಹಾಕಿದರೆ ಇನ್ನೊಂದು ಅಂಗಡಿಯೂ ನಿನ್ನೆಗೇ ಹೋಗುತ್ತದೆ, ಅದರ ಇವತ್ತಿನ ಆರ್ಡರ್‌ಗಳು ಮಾಯ.

ಉಡುಪಿಯಲ್ಲಿರುವ ನಮ್ಮ ಅತ್ತಿಗೆ ಕೈಮಗ್ಗದ ಉಡುಪಿ ಸೀರೆ ಮಾರುತ್ತಾರೆ. “ನಂದೂ ಅದರಲ್ಲೇ ಹಾಕಿಬಿಡು, ಖರ್ಚು ಉಳಿಯುತ್ತದಲ್ವಾ” ಎಂದರು. ನಾನು ಒಪ್ಪಲಿಲ್ಲ. ಅವರ ಜಿಎಸ್‌ಟಿ ನಂಬರ್ ಬೇರೆ, ಬ್ಯಾಂಕ್ ಖಾತೆ ಬೇರೆ, ಸೀರೆಗೂ ಹಪ್ಪಳಕ್ಕೂ ಸ್ಟಾಕಿನ ಸಂಬಂಧವೇ ಇಲ್ಲ. ಒಂದೇ ಡೇಟಾಬೇಸ್ ಆದರೆ ಆರ್ಡರ್ ಸಂಖ್ಯೆ, ಇನ್‌ವಾಯ್ಸ್ ಸಂಖ್ಯೆ ಎಲ್ಲ ಅಂಗಡಿಗೂ ಸೇರಿ ಒಂದೇ ಸಾಲಿನಲ್ಲಿ ಓಡುತ್ತದೆ. ಅವರ ಒಂದು ಬಿಲ್ಲಿನಿಂದ ಇನ್ನೊಂದಕ್ಕೆ ನಡುವೆ ನಮ್ಮ ಹಪ್ಪಳದ ಬಿಲ್ಲು ಸೇರಿ ಸಂಖ್ಯೆ ಹಾರುತ್ತದೆ. ಜಿಎಸ್‌ಟಿ ನಿಯಮದಲ್ಲಿ ಇನ್‌ವಾಯ್ಸ್ ಸಂಖ್ಯೆ ಕ್ರಮವಾಗಿರಬೇಕು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು, 16 ಅಕ್ಷರ ಮೀರಬಾರದು. ಒಂದೇ ಜಿಎಸ್‌ಟಿಯ ನಮ್ಮ ಎರಡು ಸೈಟಿಗೆ ಇದು ತೊಂದರೆ ಅಲ್ಲ, ಅವರಿಗೆ ತೊಂದರೆ. ಹಾಗಾಗಿ ಅವರಿಗೆ ಬೇರೆಯೇ ಇನ್‌ಸ್ಟಾಲ್, ಬೇರೆಯೇ ಡೇಟಾಬೇಸ್. ಅಪ್‌ಡೇಟ್ ಎರಡು ಸಲ ಮಾಡಬೇಕು, ಆಗಲಿ. ನಾಳೆ ಅವರು ಬೇರೆ ಕಡೆ ಹೋಗುತ್ತೇನೆ ಎಂದರೂ ಡೇಟಾ ಎತ್ತಿಕೊಂಡು ಹೋಗಬಹುದು.

ಇಂಥ ಸಾಫ್ಟ್‌ವೇರ್ ಬೇರೆಯವೂ ಇವೆ. ಓಪನ್‌ಕಾರ್ಟ್ ಸರಳ, ಅದರಲ್ಲೂ ಒಂದೇ ಡೇಟಾಬೇಸಿನಲ್ಲಿ ಹಲವು ಅಂಗಡಿ. ಆದರೆ ಒಂದು ವಸ್ತುವಿಗೆ ಮೂಲ ಬೆಲೆ ಒಂದೇ, ಹೋಲ್‌ಸೇಲ್ ದರಕ್ಕೆ ಗ್ರಾಹಕರ ಗುಂಪು ಮಾಡಿಕೊಳ್ಳಬೇಕು. ವರ್ಡ್‌ಪ್ರೆಸ್ ಮಲ್ಟಿಸೈಟ್ ಮೇಲೆ ವೂಕಾಮರ್ಸ್ ಹಾಕಿದರೆ ಡೇಟಾಬೇಸ್ ಒಂದೇ ಇದ್ದರೂ ಪ್ರತಿ ಸೈಟಿಗೆ ಟೇಬಲ್‌ಗಳು ಬೇರೆ, ಬಳಕೆದಾರರ ಪಟ್ಟಿ ಮಾತ್ರ ಒಟ್ಟಿಗೆ. ಸ್ಟಾಕ್ ಹೊಂದಿಸಲು ಪ್ಲಗಿನ್ ಬೇಕೇ ಬೇಕು. ಮೆಜೆಂಟೊ ಎಲ್ಲ ಮಾಡುತ್ತದೆ, ಗೋಡೌನ್ ಲೆಕ್ಕದಲ್ಲಿ ಸ್ಟಾಕ್ ಕೂಡ ಇಡುತ್ತದೆ, ಆದರೆ ಸರ್ವರ್ ದೊಡ್ಡದೇ ಬೇಕು. ನಮ್ಮಂಥ ಅಂಗಡಿಗೆ ಅಷ್ಟೆಲ್ಲ ಸುಮ್ನೆ ಯಾಕೆ?

ಶುರು ಮಾಡುವ ಮುಂಚೆ ಸೈಟಿನ ಒಂದು ನಕಲು ಮಾಡಿ, ಒಂದು ವಸ್ತುವಿನ ಸ್ಟಾಕ್ 1 ಎಂದು ಇಟ್ಟು, ಒಂದು ಅಂಗಡಿಯಲ್ಲಿ ಆರ್ಡರ್ ಹಾಕಿ. ಇನ್ನೊಂದರಲ್ಲಿ ಅದು ಖಾಲಿ ಎಂದು ತೋರಿಸುತ್ತದಾ ನೋಡಿ. ತೋರಿಸಿದ ಮೇಲೆಯೇ ನಿಜವಾದ ಗಿರಾಕಿಗೆ ಬಾಗಿಲು ತೆರೆಯಿರಿ.