ಜೇಬಿನಿಂದ ತಾನೇ ಹೋಗುವ ಕರೆ: ಗೂಗಲ್ ಫೋನ್ ಆ್ಯಪ್ ಬಳಸಿ ನೋಡಿದ್ದು

ನಾನು ರಾತ್ರಿ ಪಾಳಿಯ ನರ್ಸ್. ಪಾಳಿ ಮುಗಿಯುವವರೆಗೂ ಫೋನ್ ಯೂನಿಫಾರ್ಮಿನ ಜೇಬಿನಲ್ಲೇ ಇರುತ್ತದೆ. ಬಗ್ಗುವುದು, ಏಳುವುದು, ಓಡುವುದು ಎಲ್ಲಾ ಅದರ ಜೊತೆಗೇ. ನನ್ನ ಕಾಲ್ ಲಿಸ್ಟಿನಲ್ಲಿ ರೋಗಿಗಳ ಮನೆಯವರ ನಂಬರ್‌ಗಳೂ ಇವೆ. ರಾತ್ರಿ 2 ಗಂಟೆಗೆ ನನ್ನ ನಂಬರಿನಿಂದ ಸುಮ್ನೆ ಒಂದು ರಿಂಗ್ ಹೋದರೂ ಸಾಕು, ಅವರ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಹೊಸ ಫೋನ್ ಕೈಗೆ ಬಂದರೆ ನಾನು ಕ್ಯಾಮೆರಾ ಆಮೇಲೆ ನೋಡುತ್ತೇನೆ. ಮೊದಲು ತೆರೆಯುವುದು ಕರೆ ಮಾಡುವ ಆ್ಯಪ್.

ಈಗ ಬಳಸುತ್ತಿರುವುದು ಗೂಗಲ್‌ನ ಫೋನ್ ಆ್ಯಪ್. 2025ರಲ್ಲಿ ಇದರ ರೂಪ ಬದಲಾಯಿತು. ಬಣ್ಣ, ಆಕಾರಗಳ ಬಗ್ಗೆ ನನಗೆ ಹೇಳುವುದು ಹೆಚ್ಚೇನಿಲ್ಲ. ಮನಸ್ಸಿಗೆ ಹಿಡಿಸಿದ್ದು ಬರುವ ಕರೆಯ ಪರದೆ. ಮೊದಲು ಮೇಲಕ್ಕೆ ಸವರಿದರೆ ಕರೆ ಎತ್ತಿಕೊಳ್ಳುತ್ತಿತ್ತು, ಕೆಳಕ್ಕೆ ಸವರಿದರೆ ಕಟ್ ಆಗುತ್ತಿತ್ತು. ರಿಂಗ್ ಆಗುತ್ತಿರುವ ಫೋನನ್ನು ಜೇಬಿನಿಂದ ಎಳೆಯುವಾಗ ಬೆರಳು ಜಾರುವುದೂ ಅದೇ ಮೇಲೆ-ಕೆಳಗಿನ ದಾರಿಯಲ್ಲೇ ಅಲ್ವಾ? ಕೈಗೆ ಬರುವಷ್ಟರಲ್ಲಿ ಕರೆ ಎತ್ತಿ ಆಗಿರುತ್ತದೆ. ಆ ಕಡೆಯವರಿಗೆ ವಾರ್ಡಿನ ಮಾತು ಕೇಳಿಸುತ್ತಿರುತ್ತದೆ. ಅದು ಯಾವುದೋ ರೋಗಿಯ ಖಾಸಗಿ ವಿಷಯವೂ ಆಗಿರಬಹುದು.

ಈಗ ಅಡ್ಡಕ್ಕೆ ಸವರುವ ಆಯ್ಕೆ ಬಂದಿದೆ. ಒಂದು ಬದಿಗೆ ಸವರಿದರೆ ಉತ್ತರ, ಇನ್ನೊಂದು ಬದಿಗೆ ನಿರಾಕರಣೆ. ಬೆರಳು ಬೇಕೆಂದೇ ಅಡ್ಡಕ್ಕೆ ಹೋಗಬೇಕು. ಇದನ್ನು ಯೋಚಿಸಿದವರು ಜನ ಫೋನನ್ನು ಹೇಗೆ ಹೊರಗೆ ತೆಗೆಯುತ್ತಾರೆ ಎಂದು ಕೂತು ನೋಡಿದ್ದಾರೆ ಅನಿಸಿತು. ಸೆಟ್ಟಿಂಗ್ಸ್‌ನ 'ಇನ್‌ಕಮಿಂಗ್ ಕಾಲ್ ಜೆಸ್ಚರ್'ನಲ್ಲಿ ಇದರ ಜೊತೆ ಒಂದೇ ಸಲ ಒತ್ತುವ ಆಯ್ಕೆಯೂ ಇದೆ. ಜೇಬಿಗೆ ಅದು ಅಪಾಯ, ನಿಜ. ಆದರೆ ಕೈ ನಡುಗುವವರಿಗೆ ಸವರುವುದೇ ದೊಡ್ಡ ಕಷ್ಟ. ಅಂಥವರನ್ನು ದಿನವೂ ನೋಡುವ ನನಗೆ ಎರಡೂ ಆಯ್ಕೆ ಇರುವುದು ತುಂಬಾ ಮುಖ್ಯ. ಫೋನನ್ನು ಮೇಜಿನ ಮೇಲೇ ಇಡುವ ಹಿರಿಯರಿಗೆ ಒತ್ತುವುದನ್ನೇ ಹಾಕಿಕೊಡಿ.

ಹೋಗುವ ಕರೆಯದ್ದು ಬೇರೆ ಕಥೆ. ಇಲ್ಲಿ ಆ್ಯಪ್ ಒಂದೇ ಸಾಲದು. ಪರದೆ ಬೆರಳನ್ನು ಗುರುತಿಸುವುದು ಒತ್ತಡದಿಂದಲ್ಲ, ದೇಹ ವಿದ್ಯುತ್ತನ್ನು ಹಾಯಿಸುವ ಗುಣದಿಂದ. ಹಾಗಾಗಿ ಬೆವರಿಗೆ ನೆಂದ ತೆಳು ಬಟ್ಟೆಯ ಹಿಂದಿನ ಚರ್ಮವೂ ಅದಕ್ಕೆ ಬೆರಳಿನಂತೆ ಕಾಣಬಹುದು. ಸ್ಯಾನಿಟೈಜರ್ ಹಚ್ಚಿದ ಒದ್ದೆ ಕೈಯಲ್ಲಿ ಒಂದು ಕಡೆ ಒತ್ತಿದರೆ ಪರದೆ ಇನ್ನೊಂದು ಕಡೆ ಒತ್ತಿದಂತೆ ತಿಳಿಯುವುದೂ ಉಂಟು. ಜೇಬಿನಲ್ಲಿ ಪರದೆ ಬೆಳಗದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ. ಎತ್ತಿದರೆ ಬೆಳಗುವುದು, ಎರಡು ಸಲ ತಟ್ಟಿದರೆ ಬೆಳಗುವುದು, ಎರಡನ್ನೂ ಆಫ್ ಮಾಡಿ. ಸ್ಯಾಮ್‌ಸಂಗ್ ಫೋನ್‌ಗಳ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆಕಸ್ಮಿಕ ಸ್ಪರ್ಶ ತಡೆಯುವ ಸ್ವಿಚ್ ಇದೆ. ಜೇಬು, ಚೀಲದಂಥ ಕತ್ತಲ ಜಾಗದಲ್ಲಿ ಅದು ಸ್ಪರ್ಶವನ್ನು ತಡೆಯುತ್ತದೆ. ಬೇರೆ ಕೆಲವು ಕಂಪನಿಗಳಲ್ಲಿ ಇದರ ಹೆಸರು ಪಾಕೆಟ್ ಮೋಡ್. ಹೆಸರು ಯಾವುದಾದರೂ ಇರಲಿ, ಆನ್ ಮಾಡಿಕೊಳ್ಳಿ.

ಇನ್ನು ಲಿಸ್ಟ್. ಐಫೋನಿನಲ್ಲಿ ಬಹಳ ವರ್ಷ ಇದ್ದ ಕ್ರಮ ಹೀಗಿತ್ತು: ಇತ್ತೀಚಿನ ಕರೆಗಳಲ್ಲಿ ಹೆಸರು ಮುಟ್ಟಿದರೆ ನೇರ ಕರೆ, ವಿವರ ಬೇಕಿದ್ದರೆ ಪಕ್ಕದ ಸಣ್ಣ ಗುರುತು. ಇದು ತಲೆಕೆಳಗು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾರು ಎಷ್ಟು ಹೊತ್ತಿಗೆ ಮಾಡಿದ್ದರು ಎಂದು ನೋಡಲು ಮುಟ್ಟುವವರೇ ಜಾಸ್ತಿ. ಆ ಸುಲಭದ ದೊಡ್ಡ ಜಾಗ ನೋಡುವುದಕ್ಕೆ ಇರಬೇಕು. ಕರೆಗೆ ಸಣ್ಣದಾದರೂ ಬೇರೆಯೇ ಗುಂಡಿ ಬೇಕು. ಮೊದಲಾದರೆ ಕರೆ ತಾಗಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು, ಕಟ್ ಮಾಡಲು ಸಮಯ ಸಿಗುತ್ತಿತ್ತು. ವೋಲ್ಟೆ, ಅಂದರೆ 4ಜಿ ನೆಟ್‌ವರ್ಕಿನಲ್ಲೇ ಕರೆ ಹೋಗುವ ವ್ಯವಸ್ಥೆ, ಬಂದ ಮೇಲೆ ಬೇಗ ತಾಗುತ್ತದೆ. ನೀವು ಕೆಂಪು ಗುಂಡಿ ಹುಡುಕುವಷ್ಟರಲ್ಲಿ ಆ ಕಡೆ ಮಿಸ್ಡ್ ಕಾಲ್ ಬಿದ್ದಿರುತ್ತದೆ.

ಮಾತಾಡುವಾಗ ಕೆನ್ನೆ ತಾಗಿ ಏನೋ ಒತ್ತಿಹೋಗದಂತೆ ಕಾಯುವುದು ಪ್ರಾಕ್ಸಿಮಿಟಿ ಸೆನ್ಸರ್. ಕಿವಿಯ ಹತ್ತಿರ ಹೋದರೆ ಪರದೆ ಆರುತ್ತದೆ. ದಪ್ಪ ಸ್ಕ್ರೀನ್ ಗಾರ್ಡ್ ಅದರ ಕಣ್ಣು ಮುಚ್ಚದಂತೆ ನೋಡಿಕೊಳ್ಳಿ. ಬ್ಲೂಟೂತ್ ಇಯರ್‌ಫೋನ್ ಇದ್ದವರು ಅದರ ಗುಂಡಿಯನ್ನೂ ಗಮನಿಸಿ. ಕೆಲವದರಲ್ಲಿ ಗುಂಡಿ ಒತ್ತಿದರೆ ಕೊನೆಯ ನಂಬರಿಗೆ ಮತ್ತೆ ಕರೆ ಹೋಗುತ್ತದೆ. ಅಲ್ಲಿ ಪರದೆಯ ಯಾವ ಕಾವಲೂ ಕೆಲಸಕ್ಕೆ ಬರುವುದಿಲ್ಲ.

ತುರ್ತು ಕರೆಯ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಆತಂಕವೇ ಆಗುತ್ತದೆ. ಆಂಡ್ರಾಯ್ಡ್ 12ರಿಂದ ಪವರ್ ಗುಂಡಿಯನ್ನು 5 ಸಲ ಬೇಗ ಬೇಗ ಒತ್ತಿದರೆ ಎಮರ್ಜೆನ್ಸಿ ಎಸ್‌ಒಎಸ್, ಅಂದರೆ ತುರ್ತು ನಂಬರಿಗೆ ಕರೆ, ಶುರುವಾಗುವ ಸೌಲಭ್ಯವಿದೆ. 2023ರ ಜೂನ್‌ನಲ್ಲಿ ಬ್ರಿಟನ್ನಿನ ಪೊಲೀಸರು ಅಲ್ಲಿನ ತುರ್ತು ನಂಬರ್ 999ಕ್ಕೆ ಮಾತಿಲ್ಲದ ಕರೆಗಳು ವಿಪರೀತ ಹೆಚ್ಚಿವೆ ಎಂದು ಹೇಳಿ ಇದರ ಕಡೆಗೇ ಬೆರಳು ತೋರಿಸಿದ್ದರು. ಹಾಗೆ ಹೋದ ಕರೆಯನ್ನು ಗಾಬರಿಯಿಂದ ಕಟ್ ಮಾಡಬೇಡಿ. ತಪ್ಪಿ ಹೋಯಿತು ಎಂದು ಹೇಳಿ ಇಡಿ. ಇಲ್ಲದಿದ್ದರೆ ತುರ್ತು ಸೇವೆಯವರು ನಿಮ್ಮನ್ನು ಹುಡುಕುತ್ತಾ ಸಮಯ ಕಳೆಯಬೇಕಾಗುತ್ತದೆ. ಆ ಸಮಯ ನಿಜವಾಗಿ ಉಸಿರು ಕಟ್ಟಿದ ಇನ್ನೊಬ್ಬರದ್ದು. ಆದರೂ ಈ ಸೌಲಭ್ಯವನ್ನು ಪೂರ್ತಿ ಆಫ್ ಮಾಡಿ ಎಂದು ನಾನು ಹೇಳುವುದಿಲ್ಲ. ಗೂಗಲ್ ಪಿಕ್ಸೆಲ್‌ನಂಥ ಫೋನ್‌ಗಳಲ್ಲಿ ತಾನೇ ಶುರುವಾಗುವ ಬದಲು ಪರದೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದ ಮೇಲೆ ಮಾತ್ರ ಶುರುವಾಗುವ ಆಯ್ಕೆ ಇದೆ. ಜೇಬಿನಲ್ಲಿಡುವವರಿಗೆ ಅದೇ ಸರಿ.

ಒಟ್ಟಿನಲ್ಲಿ ಬರುವ ಕರೆಯ ಮಟ್ಟಿಗೆ ಗೂಗಲ್ ಆ್ಯಪ್‌ಗೆ ನನ್ನಿಂದ ಪೂರ್ತಿ ಅಂಕ. ಆದರೆ ಹೋಗುವ ಕರೆಗೆ, ಯಾವ ಕಂಪನಿಯ ಆ್ಯಪ್ ಮಾಡುವವರಿಗಾದರೂ ಸರಿ, ನನ್ನದೊಂದು ಬೇಡಿಕೆ ಇದೆ. ನನ್ನ ನಿದ್ದೆ ಕಾಯಲು ಡು ನಾಟ್ ಡಿಸ್ಟರ್ಬ್‌ಗೆ ವೇಳೆ ಗೊತ್ತುಮಾಡಬಹುದು. ಅದೇ ರೀತಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯಾವ ಹೆಸರು ಒತ್ತಿದರೂ 'ಇವರಿಗೆ ಕರೆ ಮಾಡಲೇ?' ಎಂದು ಕೇಳುವ ಒಂದು ಸ್ವಿಚ್ ಕೊಡಿ.