ಡ್ಯಾಕ್‌ನ ಔಟ್‌ಪುಟ್ ಕೆಪಾಸಿಟರ್ ಕೀಳುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ಮನೆಯ ಬಲಗಡೆ ಸ್ಪೀಕರ್‌ನ ವೂಫರ್ (ಕೆಳಸ್ವರ ನುಡಿಸುವ ದೊಡ್ಡ ಭಾಗ) ಈಗ ಅಟ್ಟದ ಮೇಲಿದೆ. ಕೋನ್ ಮುಂದಕ್ಕೆ ಉಬ್ಬಿಕೊಂಡು ಹಾಗೇ ಕಚ್ಚಿಕೊಂಡಿದೆ. ಒತ್ತಿದರೆ ಒಳಗೆ ಹೋಗುವುದಿಲ್ಲ, ಕರಕರ ಅನ್ನುತ್ತದೆ. ಮೂಗಿನ ಹತ್ತಿರ ಹಿಡಿದರೆ ಇವತ್ತಿಗೂ ಸುಟ್ಟ ವಾರ್ನಿಶ್ ವಾಸನೆ. ಕರೆಂಟಿನವರನ್ನು ಬೈಯೋಣ ಅಂದರೆ ಅವರ ತಪ್ಪಿಲ್ಲ. ಸುಟ್ಟವನು ನಾನೇ, ಒಂದು ಚಿಕ್ಕ ಆಪ್‌ಆಂಪ್ (ಸಿಗ್ನಲ್ ಹದ ಮಾಡುವ ಪುಟ್ಟ ಚಿಪ್) ಮತ್ತು ಎರಡು ಕೆಪಾಸಿಟರ್ ವಿಷಯದಲ್ಲಿ ಜಾಣತನ ತೋರಿಸಲು ಹೋಗಿ.

ಡ್ಯಾಕ್ ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಕೊಡುವ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ. ನನ್ನದು ಪಿಸಿಎಂ1794ಎ ಚಿಪ್ ಇರುವ ಕಿಟ್ ಡ್ಯಾಕ್. ಇನ್‌ಪುಟ್ ಕಡೆ ಸಿಎಸ್8416 ರಿಸೀವರ್, ಔಟ್‌ಪುಟ್ ಕಡೆ ಸಾಕೆಟ್‌ನಲ್ಲಿ ಮೂರು ಎನ್‌ಇ5532 ಆಪ್‌ಆಂಪ್. 15-0-15 ಟ್ರಾನ್ಸ್‌ಫಾರ್ಮರ್, ಎಲ್‌ಎಂ317 ಮತ್ತು ಎಲ್‌ಎಂ337 ಸೇರಿ ±15 ವೋಲ್ಟ್ ಸಪ್ಲೈ. ಎರಡು ಭಾನುವಾರ ಕೂತು ಸಾಲ್ಡರ್ ಮಾಡಿದ್ದೆ. ಮೊದಲ ಸಲ ಸ್ವಿಚ್ ಹಾಕಿದಾಗಲೇ ಹಾಡಿತು. ಒಂದು ವರ್ಷ ಯಾವ ತಕರಾರೂ ಇರಲಿಲ್ಲ. ಅಲ್ಲಿಗೇ ಬಿಡಬೇಕಿತ್ತು, ಅಲ್ವಾ? ಆದರೆ ಐಸಿ ಸಾಕೆಟ್ ಅನ್ನೋದು ಕೈ ತುರಿಸುವ ಕಾಯಿಲೆ. ಕಣ್ಣೆದುರಿಗೆ ಇದ್ದರೆ ಏನಾದರೂ ಕಿತ್ತು ಏನಾದರೂ ಹಾಕಬೇಕು ಅನಿಸುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಎಡಿ8620 ಅನ್ನೋ ಫಾಸ್ಟ್ ಆಪ್‌ಆಂಪ್ ಇದೆಯಾ ಅಂತ ಕೇಳಿದೆ. ಅಂಗಡಿಯವರು, "5532 ಸಾಕು ಸಾರ್, ಸ್ಟುಡಿಯೋ ಮಿಕ್ಸರ್‌ಗಳಲ್ಲಿ ಸಾಲು ಸಾಲಾಗಿ ಇರೋದೇ ಅದು" ಅಂದರು. ಮಾತು ನಿಜ. ಆದರೆ ನಿಜ ಕೇಳುವ ಮನಸ್ಥಿತಿಯಲ್ಲಿ ನಾನಿರಲಿಲ್ಲ. ಆನ್‌ಲೈನ್‌ನಲ್ಲಿ ಮೂರು ತರಿಸಿದೆ. ಈ ಚಿಪ್ ಪುಟ್ಟ ಎಸ್‌ಒಐಸಿ ಪ್ಯಾಕೇಜಿನಲ್ಲಿ ಮಾತ್ರ ಬರುವುದು. ಹಾಗಾಗಿ ಎಂಟು ಕಾಲಿನ ಅಡಾಪ್ಟರ್ ಮೇಲೆ ಕೂರಿಸಿ, ಭೂತಗನ್ನಡಿ ಹಿಡಿದು ಸಾಲ್ಡರ್ ಮಾಡಿ, ಸಾಕೆಟ್‌ಗೆ ಚುಚ್ಚಿದೆ. ಡೇಟಾಶೀಟ್‌ನಲ್ಲಿ ಸ್ಲೂ ರೇಟ್ (ಚಿಪ್‌ನ ವೇಗ) ಓದಿದ್ದೆ, ನಾಯ್ಸ್ ಓದಿದ್ದೆ. ಅದೇ ಮೊದಲ ಪುಟದಲ್ಲಿರುವ ಇನ್ನೊಂದು ಸಾಲು ಓದಿರಲಿಲ್ಲ. ಈ ಚಿಪ್‌ನ ಸಪ್ಲೈ ±5ರಿಂದ ±13 ವೋಲ್ಟ್. ಅಂದರೆ ಒಟ್ಟು 26. ನನ್ನ ಬೋರ್ಡ್ ಕೊಡುತ್ತಿದ್ದದ್ದು 30.

ತಮಾಷೆ ಅಂದರೆ, ಅದು ತಕ್ಷಣ ಸುಡಲಿಲ್ಲ. ಸುಟ್ಟಿದ್ದರೆ ಬಚಾವಾಗುತ್ತಿದ್ದೆ. ಬೆರಳಿಟ್ಟು ನೋಡಿದಾಗ ಚಿಪ್ ಬಿಸಿ ಇತ್ತು. "ಫಾಸ್ಟ್ ಆಪ್‌ಆಂಪ್ ಅಲ್ವಾ, ಸ್ವಲ್ಪ ಬಿಸಿ ಇರುತ್ತೆ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್ ಹಾಕಿದರೆ ತಂಬೂರಿಯ ತಂತಿ ತಂತಿಯೂ ಬೇರೆ ಬೇರೆ ಕೇಳಿಸಿದ ಹಾಗಾಯ್ತು. ಕೇಳಿಸಿದ ಹಾಗಾಯ್ತು ಅಷ್ಟೇ. ದುಡ್ಡು ಕೊಟ್ಟ ಮೇಲೆ ಕೇಳಿಸಲೇಬೇಕಲ್ಲ.

ಹುಮ್ಮಸ್ಸಿನಲ್ಲಿ ಎರಡನೇ ತಪ್ಪು ಮಾಡಿದೆ. ಔಟ್‌ಪುಟ್‌ನಲ್ಲಿ ಚಾನೆಲ್‌ಗೊಂದು 10 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಇತ್ತು. ಹಾಡನ್ನು ಹೋಗಲು ಬಿಟ್ಟು ಡಿಸಿಯನ್ನು (ಒಂದೇ ದಿಕ್ಕಿನ ಕರೆಂಟನ್ನು) ತಡೆಯುವುದು ಅದರ ಕೆಲಸ. ದಾರಿಯಲ್ಲಿ ಕೆಪಾಸಿಟರ್ ಇದ್ದರೆ ಧ್ವನಿ ಕೊಳೆಯಾಗುತ್ತದೆ ಅನ್ನೋ ಮಾತನ್ನು ನೀವೂ ಕೇಳಿರುತ್ತೀರಿ. ಎರಡನ್ನೂ ಕಿತ್ತು ತಂತಿ ಹಾಕಿದೆ. ಮೀಟರ್ ಇಟ್ಟು ನೋಡಿದರೆ ಎರಡೂ ಕಡೆ 3-4 ಮಿಲಿವೋಲ್ಟ್ ಡಿಸಿ. ಏನೂ ತೊಂದರೆಯಿಲ್ಲ ಅಂದುಕೊಂಡೆ. ಅವತ್ತು ಇರಲೂ ಇಲ್ಲ.

ಹನ್ನೊಂದನೇ ದಿನ ಸಂಜೆ. ಹಾಡು ಹಾಕಿ ಕಾಫಿ ಮಾಡಲು ಅಡುಗೆಮನೆಗೆ ಹೋಗಿದ್ದೆ. ನಡುಮನೆಯಿಂದ 'ಧಪ್' ಅಂತ ಒಂದೇ ಸದ್ದು. ಹಾಡು ಎಡಗಡೆಯಿಂದ ಮಾತ್ರ ಬರುತ್ತಿತ್ತು. ಹಾಲು ಉಕ್ಕುತ್ತಿತ್ತು, ಅದನ್ನು ಇಳಿಸಿ ಹೋಗೋಣ ಅಂತ ಒಂದು ನಿಮಿಷ ತಡ ಮಾಡಿದೆ. ಹೋಗಿ ನೋಡಿದರೆ ಬಲಗಡೆ ವೂಫರ್ ಗಂಟಲುಬ್ಬಿದ ಕಪ್ಪೆಯ ಹಾಗೆ ಮುಂದೆ ಬಂದು ನಿಂತಿದೆ, ಮಧ್ಯದ ಡಸ್ಟ್‌ಕ್ಯಾಪ್ ಅಂಚಿನಿಂದ ಸಣ್ಣಗೆ ಹೊಗೆ. ಪ್ಲಗ್ ಕಿತ್ತೆ. ಅಷ್ಟು ಹೊತ್ತಿಗೆ ಕಾಯಿಲ್ ಮುಗಿದಿತ್ತು.

ಮಾರನೇ ದಿನ ಆಂಪ್ಲಿಫೈಯರ್‌ನಿಂದ ಕೇಬಲ್ ತೆಗೆದು ಡ್ಯಾಕ್ ಮಾತ್ರ ಆನ್ ಮಾಡಿ ಅಳೆದೆ. ಎಡಗಡೆ 3 ಮಿಲಿವೋಲ್ಟ್. ಬಲಗಡೆ ನಾಲ್ಕು ವೋಲ್ಟ್‌ಗಿಂತ ಜಾಸ್ತಿ ಡಿಸಿ!

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಈ ಡ್ಯಾಕ್ ಚಿಪ್ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ. ಪಿಸಿಎಂ1794ಎ ಕೊಡುವುದು ವೋಲ್ಟೇಜ್ ಅಲ್ಲ, ಕರೆಂಟ್. ಹಾಡೇ ಇಲ್ಲದಿದ್ದರೂ ಅದರ ಪ್ರತಿ ಔಟ್‌ಪುಟ್ ಕಾಲಿನಲ್ಲಿ 6.2 ಮಿಲಿಆಂಪ್ ಹರಿಯುತ್ತಲೇ ಇರುತ್ತದೆ. ಮುಂದಿನ ಆಪ್‌ಆಂಪ್ ಅದನ್ನು 750 ಓಮ್ ರೆಸಿಸ್ಟರ್ ಮೂಲಕ ವೋಲ್ಟೇಜ್ ಮಾಡುತ್ತದೆ. ಲೆಕ್ಕ ಹಾಕಿ: 4.65 ವೋಲ್ಟ್. ಅಂದರೆ ಎಲ್ಲ ಸರಿ ಇರುವಾಗಲೂ ಆ ಜಾಗದಲ್ಲಿ ನಾಲ್ಕೂವರೆ ವೋಲ್ಟ್ ಮೇಲೆ ಡಿಸಿ ಕೂತೇ ಇರುತ್ತದೆ. ಒಂದೊಂದು ಚಾನೆಲ್‌ಗೂ ಪ್ಲಸ್, ಮೈನಸ್ ಅಂತ ಎರಡು ಔಟ್‌ಪುಟ್. ಪ್ಲಸ್ ಕಡೆಯೂ ಅಷ್ಟೇ, ಮೈನಸ್ ಕಡೆಯೂ ಅಷ್ಟೇ. ಕೊನೆಯ ಆಪ್‌ಆಂಪ್ ಒಂದರಿಂದ ಇನ್ನೊಂದನ್ನು ಕಳೆಯುವುದರಿಂದ ಹೊರಗೆ ಬರುವಾಗ ಸೊನ್ನೆ. ತಕ್ಕಡಿ ಇದ್ದ ಹಾಗೆ. ಎಡಿ8620ನ ಒಂದು ಚಿಪ್‌ನೊಳಗೆ ಎರಡು ಆಪ್‌ಆಂಪ್ ಇರುತ್ತವೆ. ನನ್ನ ಬೋರ್ಡಿನಲ್ಲಿ ಬಲಗಡೆಯ ಚಿಪ್‌ನ ಒಂದರ್ಧ ಸತ್ತು ಅದರ ಔಟ್‌ಪುಟ್ 14 ವೋಲ್ಟ್‌ಗೆ ಅಂಟಿಕೊಂಡಿತ್ತು. ಇನ್ನರ್ಧ ಪಾಪ ತನ್ನ 4.65ರಲ್ಲೇ ಇತ್ತು. ತಕ್ಕಡಿ ವಾಲಿತು. ಕಪ್ಲಿಂಗ್ ಕೆಪಾಸಿಟರ್ ಇದ್ದಿದ್ದರೆ ಒಂದು 'ಧಪ್' ಆಗಿ ಅಲ್ಲಿಗೇ ನಿಲ್ಲುತ್ತಿತ್ತು. ನಾನು ಅಲ್ಲಿ ತಂತಿ ಹಾಕಿ ಹೆದ್ದಾರಿ ಮಾಡಿಕೊಟ್ಟಿದ್ದೆ.

ಆಂಪ್ಲಿಫೈಯರ್ ಕೂಡ ನಾನೇ ಮಾಡಿದ್ದು, ಎಲ್‌ಎಂ3886 ಚಿಪ್‌ನದು. ಅದರ ಇನ್‌ಪುಟ್‌ನಲ್ಲೂ ಕೆಪಾಸಿಟರ್ ಇಟ್ಟಿರಲಿಲ್ಲ, ಅದೇ ಶುದ್ಧತೆಯ ಹುಚ್ಚು. ಇಪ್ಪತ್ತು ಪಟ್ಟು ಹೆಚ್ಚಿಸುವ ಆಂಪ್‌ಗೆ ನಾಲ್ಕು ವೋಲ್ಟ್ ಡಿಸಿ ಕೊಟ್ಟರೆ ಅದು ತನ್ನ ಸಪ್ಲೈ ಎಷ್ಟಿದೆಯೋ ಅಷ್ಟಕ್ಕೆ ಹೋಗಿ ನಿಲ್ಲುತ್ತದೆ. ನನ್ನದರಲ್ಲಿ ಸುಮಾರು 25 ವೋಲ್ಟ್. ಎಂಟು ಓಮ್ ವೂಫರ್‌ನ ಕಾಯಿಲ್ ಡಿಸಿಗೆ ಆರೂವರೆ ಓಮ್. ನೂರರ ಹತ್ತಿರ ವ್ಯಾಟ್, ಅಷ್ಟೂ ಬರೀ ಬಿಸಿ. ಎಲ್‌ಎಂ3886ನಲ್ಲಿ ಪ್ರೊಟೆಕ್ಷನ್ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಅದು ಚಿಪ್ ಕಾಪಾಡಿಕೊಳ್ಳಲು. ನಾಲ್ಕು ಆಂಪ್ ಅದರ ಮಿತಿಯೊಳಗೇ ಬರುತ್ತದೆ. ಆಂಪ್ ತಣ್ಣಗಿತ್ತು, ಸ್ಪೀಕರ್ ಸುಟ್ಟಿತು. ಮೇಲಿನ ಸ್ವರ ನುಡಿಸುವ ಟ್ವೀಟರ್ ಮಾತ್ರ ಉಳಿಯಿತು. ಯಾಕೆ ಗೊತ್ತಾ? ಸ್ವರ ಹಂಚುವ ಕ್ರಾಸ್‌ಓವರ್‌ನಲ್ಲಿ ಅದಕ್ಕೆ ಹೋಗುವ ದಾರಿಯಲ್ಲಿ ಒಂದು ಕೆಪಾಸಿಟರ್ ಇತ್ತು.

ಅದೇ ಮಾಡೆಲ್ ವೂಫರ್ ಈಗ ಸಿಗುವುದಿಲ್ಲ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇಡೋಕಾಗುತ್ತಾ? ಜೋಡಿಯನ್ನೇ ಬದಲಾಯಿಸಿದೆ. ಎಷ್ಟಾಯ್ತು ಅಂತ ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಇನ್ನು ನಾನು ಕಿತ್ತ ಆ ಔಟ್‌ಪುಟ್ ಕೆಪಾಸಿಟರ್ ಧ್ವನಿಯನ್ನು ಎಷ್ಟು ಹಾಳು ಮಾಡುತ್ತಿತ್ತು ಅನ್ನೋದರ ಲೆಕ್ಕ. 10 ಮೈಕ್ರೋಫ್ಯಾರಡ್, ಮುಂದೆ 47 ಕಿಲೋಓಮ್ ಇನ್‌ಪುಟ್ ಇದ್ದರೆ ಅದು ಬೇಸ್ ಕತ್ತರಿಸಲು ಶುರು ಮಾಡುವುದು 0.34 ಹರ್ಟ್ಜ್‌ನಲ್ಲಿ. ನಮ್ಮ ಕಿವಿ ಶುರುವಾಗುವುದೇ 20ರಿಂದ. ಆಮೇಲೆ ಕೆಪಾಸಿಟರ್ ವಾಪಸ್ ಹಾಕಿದಾಗ ಅದಕ್ಕೆ ಅಡ್ಡವಾಗಿ ಒಂದು ಸ್ವಿಚ್ ಇಟ್ಟು ನೋಡಿದೆ. ಹಾಡು ಮ್ಯೂಟ್ ಮಾಡಿ, ಸ್ವಿಚ್ ಹಾಕಿಯೋ ತೆಗೆದೋ, ಮತ್ತೆ ಹಾಡು ಬಿಡುವುದು ಮಗಳ ಕೆಲಸ. ನಾನು ಬೆನ್ನು ತಿರುಗಿಸಿ ಕೂತು ಹೇಳಬೇಕು. ಹತ್ತು ಸಲದಲ್ಲಿ ನಾಲ್ಕು ಸರಿ. ನಾಣ್ಯ ಚಿಮ್ಮಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿತ್ತೇನೋ.

ನೀವು ಆಪ್‌ಆಂಪ್ ಬದಲಾಯಿಸುವುದೇ ಆದರೆ, ಮೊದಲು ಖಾಲಿ ಸಾಕೆಟ್‌ನ 4 ಮತ್ತು 8ನೇ ಕಾಲಿನ ಮಧ್ಯೆ ಎಷ್ಟು ವೋಲ್ಟ್ ಇದೆ ಅಳೆಯಿರಿ. ಡ್ಯುಯಲ್ ಆಪ್‌ಆಂಪ್‌ಗೆ ಸಪ್ಲೈ ಬರುವುದು ಅಲ್ಲೇ. ಆ ಸಂಖ್ಯೆಯನ್ನು ಡೇಟಾಶೀಟ್ ಜೊತೆ ಹೋಲಿಸಿ. ಎಡಿ8066 ಕೂಡ ಇದೇ ಜಾತಿ, 24 ವೋಲ್ಟ್‌ಗೇ ಮುಗಿಯುತ್ತದೆ. ಹಾಕಿದ ಮೇಲೆ ಆಂಪ್ ಜೋಡಿಸದೆ ಅರ್ಧ ಗಂಟೆ ಬಿಟ್ಟು ಔಟ್‌ಪುಟ್ ಡಿಸಿ ನೋಡಿ. ಆಮೇಲೂ ನನ್ನ ಹಾಗೆ ಒಂದು ಸಲ ಅಳೆದು ನಿಶ್ಚಿಂತೆಯಾಗಬೇಡಿ. ಆಂಪ್ ಮತ್ತು ಸ್ಪೀಕರ್ ಮಧ್ಯೆ ಯುಪಿಸಿ1237 ಚಿಪ್ ಇರುವ ಒಂದು ಪ್ರೊಟೆಕ್ಷನ್ ಬೋರ್ಡ್ ಹಾಕಿ. ಡಿಸಿ ಬಂದ ತಕ್ಷಣ ಅದರ ರಿಲೇ ಸ್ಪೀಕರ್‌ನ ಸಂಪರ್ಕ ಕತ್ತರಿಸುತ್ತದೆ. ನಾನು ಕೊಟ್ಟ ದುಡ್ಡಿನಲ್ಲಿ ಅಂಥದ್ದು ಒಂದು ಚೀಲ ತರಬಹುದಿತ್ತು.

ಇನ್ನೊಂದು, ಇದು ಅದೇ ವಾರದ ಕಿತಾಪತಿ. 3.3 ವೋಲ್ಟ್ ಕೊಡುವ ಎಲ್‌ಎಂ1117 ರೆಗ್ಯುಲೇಟರ್‌ನ ಔಟ್‌ಪುಟ್‌ನಲ್ಲಿದ್ದ ಸಾದಾ ಕೆಪಾಸಿಟರ್ ತೆಗೆದು ದುಬಾರಿ ಓಎಸ್‌ಕಾನ್ ಕೆಪಾಸಿಟರ್ ಹಾಕಿದ್ದೆ. ಗೆಳೆಯನ ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ಲೈನ್ ನೆಟ್ಟಗೆ ನಿಲ್ಲುವ ಬದಲು ಅಲೆ ಅಲೆಯಾಗಿ ಕುಣಿಯುತ್ತಿದೆ. ಆ ರೆಗ್ಯುಲೇಟರ್‌ಗೆ ಸ್ಥಿರವಾಗಿ ನಿಲ್ಲಲು ಕೆಪಾಸಿಟರ್‌ನಲ್ಲಿ ಕನಿಷ್ಠ 0.3 ಓಮ್ ಒಳಪ್ರತಿರೋಧ ಬೇಕು. ಓಎಸ್‌ಕಾನ್‌ನಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಹಳೆಯದನ್ನೇ ಕಸದ ಡಬ್ಬಿಯಿಂದ ಹುಡುಕಿ ವಾಪಸ್ ಹಾಕಿದೆ, ಸುಮ್ಮನಾಯಿತು.

ಈಗ ಮೂರೂ ಸಾಕೆಟ್‌ನಲ್ಲಿ 5532 ಇವೆ. ಬೆರಳಿಟ್ಟರೆ ಬೆಚ್ಚಗಿರುತ್ತವೆ, ಅಷ್ಟೇ. ಉಳಿದ ಎರಡು ಎಡಿ8620 ಡ್ರಾಯರ್‌ನಲ್ಲಿವೆ. ±12 ವೋಲ್ಟ್ ಬೋರ್ಡ್ ಇರುವ ಗೆಳೆಯನೊಬ್ಬ ಸುಮ್ನೆ ಬಿದ್ದಿವೆಯಲ್ಲ, ಕೊಡು ಅಂತ ಎರಡು ಸಲ ಕೇಳಿದ. ಹನ್ನೊಂದು ದಿನ 30 ವೋಲ್ಟ್ ತಿಂದ ಚಿಪ್‌ಗಳು. ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು. ಅವನ ಸ್ಪೀಕರ್ ನನ್ನದಕ್ಕಿಂತ ದುಬಾರಿ. ಕೊಟ್ಟಿಲ್ಲ.