ಬೈನಾಕ್ಯುಲರ್‌ಗೆ ಅಡ್ಡ ಬಂದ ಚುಕ್ಕಿ ಯಾವುದು? ಸ್ಟೆಲ್ಲೇರಿಯಂ ಬಳಸಿ ನೋಡಿದೆ

ಬರಿಗಣ್ಣಿಗೆ ಕಾಣುವ ಉಪಗ್ರಹಗಳಿಗೆ ಆ್ಯಪ್‌ಗಳು ಬೇಕಾದಷ್ಟಿವೆ. ಇಂಥ ಹೊತ್ತಿಗೆ ಬಾಹ್ಯಾಕಾಶ ನಿಲ್ದಾಣ ಬರುತ್ತದೆ ಅಂತ ಮೊದಲೇ ಹೇಳುತ್ತವೆ. ನನ್ನ ಸಮಸ್ಯೆ ಉಲ್ಟಾ. 10x50 ಬೈನಾಕ್ಯುಲರ್ ಹಿಡಿದು ನಕ್ಷತ್ರ ನೋಡುವಾಗ ಮಂಕು ಚುಕ್ಕಿಯೊಂದು ಸರ್ರನೆ ಅಡ್ಡ ಹೋಗುತ್ತದೆ. ಅದರ ಹೆಸರು ನನಗೆ ಬೇಕು. ಇದಕ್ಕೆ ನಾನು ನೆಚ್ಚಿಕೊಂಡಿರುವುದು ಕಂಪ್ಯೂಟರಿನಲ್ಲಿ ಓಡುವ, ಆಕಾಶವನ್ನು ಪರದೆ ಮೇಲೆ ತೋರಿಸುವ ತಂತ್ರಾಂಶ ಸ್ಟೆಲ್ಲೇರಿಯಂ. ಪುಕ್ಕಟೆ ಸಿಗುತ್ತದೆ.

ಇದರಲ್ಲಿ ಕಳೆದ ಹೊತ್ತಿಗೆ ಹಿಂದಿರುಗಬಹುದು, ಅದೇ ಮುಖ್ಯ. ಮೊನ್ನೆ ಅಭಿಜಿತ್ (ವೇಗಾ) ನಕ್ಷತ್ರದ ಪಕ್ಕದ ಜೋಡಿ ನಕ್ಷತ್ರ ನೋಡುತ್ತಿದ್ದೆ. ಅದನ್ನು ಸವರಿಕೊಂಡೇ ಒಂದು ಚುಕ್ಕಿ ಉತ್ತರಕ್ಕೆ ಹೊರಟಿತ್ತು. ಒಮ್ಮೆ ಬೆಳಗುವುದು, ಒಮ್ಮೆ ಮಂಕಾಗುವುದು. ಸಮಯವನ್ನು ಸೆಕೆಂಡಿನ ಸಮೇತ ಬರೆದಿಟ್ಟುಕೊಂಡೆ. ಆಮೇಲೆ ಎಫ್5 ಒತ್ತಿ ಅದೇ ಸಮಯ ಹಾಕಿ, ಆ ಜೋಡಿಯ ಮೇಲೆ ಜೂಮ್ ಮಾಡಿದೆ. ಹತ್ತಿರದಲ್ಲಿ ಎರಡು ಉಪಗ್ರಹ ತೋರಿಸಿತು. ಒಂದು ಪೂರ್ವಕ್ಕೆ ಹೋಗುವುದು, ಅದಲ್ಲ. ಇನ್ನೊಂದು ಎಸ್‌ಎಲ್-8 ಆರ್/ಬಿ. ಅಂದರೆ ಸೋವಿಯತ್ ಕಾಲದ ಕಾಸ್ಮೋಸ್-3ಎಂ ರಾಕೆಟ್ಟಿನ ಖಾಲಿಯಾದ ಎರಡನೇ ಹಂತ. ಇಂಥ ಹಳೇ ರಾಕೆಟ್ ತುಂಡುಗಳು ಪಲ್ಟಿ ಹೊಡೆಯುತ್ತಾ ಸುತ್ತುತ್ತವೆ, ಅದಕ್ಕೇ ಆ ಮಿನುಗು. ದಿಕ್ಕು, ಸಮಯ, ಮಿನುಗು ಮೂರೂ ಹೊಂದಿದ ಮೇಲೆ ಅನುಮಾನ ಉಳಿಯಲಿಲ್ಲ.

ಆದರೆ ಕಕ್ಷೆಯ ಮಾಹಿತಿ ತಾಜಾ ಇರಬೇಕು. ಸ್ಟೆಲ್ಲೇರಿಯಂನ ಉಪಗ್ರಹ ಪ್ಲಗಿನ್ (ಜೊತೆಗೆ ಬರುವ ಪುಟ್ಟ ತಂತ್ರಾಂಶ) ಅದನ್ನು ಸೆಲೆಸ್‌ಟ್ರಾಕ್ ಎಂಬ ಜಾಲತಾಣದಿಂದ ತರಿಸಿಕೊಳ್ಳುತ್ತದೆ. ಕೆಳಗಿನ ಕಕ್ಷೆಯಲ್ಲಿ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 7.5 ಕಿ.ಮೀ. ತೆಳು ಗಾಳಿಯ ಎಳೆತ ಬೇರೆ. ಕೆಲವು ದಿನ ಕಳೆದರೆ ಲೆಕ್ಕ ಜಾರತೊಡಗುತ್ತದೆ. ಹೋದ ವರ್ಷ ಕಂಡದ್ದನ್ನು ಇವತ್ತಿನ ಮಾಹಿತಿಯಲ್ಲಿ ಹುಡುಕುವುದು ಸುಮ್ನೆ ಟೈಮ್ ವೇಸ್ಟ್.

ಎಲ್ಲ ಹೆಸರುಗಳನ್ನೂ ಆನ್ ಮಾಡಿದರೆ ಪರದೆ ತುಂಬಾ ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳೇ. ಆ ಗುಂಪನ್ನು ತೆಗೆದುಬಿಡೋಣ ಅನ್ನಿಸುತ್ತದೆ. ತೆಗೆಯಬೇಡಿ, ನೀವು ಕಂಡದ್ದೂ ಅದೇ ಇರಬಹುದು ಅಲ್ವಾ? ಉಪಗ್ರಹ ಎಷ್ಟು ಬೆಳಗುತ್ತದೆ ಅಂತ ತೋರಿಸುವ ಕಾಂತಿಮಾನದ ಅಂಕಿಯನ್ನು ಮಾತ್ರ ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಉಪಗ್ರಹ ಯಾವ ಮುಖ ತಿರುಗಿಸಿದೆ ಎಂಬುದು ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಆ ಅಂಕಿಗೇ.

ಅಮೆರಿಕ ತನ್ನ ಗೂಢಚಾರ ಉಪಗ್ರಹಗಳ ಕಕ್ಷೆಯನ್ನು ಪ್ರಕಟಿಸುವುದಿಲ್ಲ. ಅವುಗಳಿಗೆ ಹವ್ಯಾಸಿಗಳೇ ನೋಡಿ, ಅಳೆದು, ಲೆಕ್ಕ ಹಾಕಿದ ಪಟ್ಟಿ ಇದೆ. ಎಷ್ಟು ತಡಕಾಡಿದರೂ ಹೆಸರು ಸಿಗದಿದ್ದರೆ ಪ್ಲಗಿನ್ ಮಾಹಿತಿ ತರಿಸಿಕೊಳ್ಳುವ ಮೂಲಗಳಿಗೆ ಆ ಪಟ್ಟಿಯನ್ನೂ ಸೇರಿಸಿ ಮತ್ತೊಮ್ಮೆ ನೋಡಿ.